ಹಳ್ಳದ ದಂಡೆಯ ಹೊಳೆದಾಸವಾಳ: ದಾರಂದಕ್ಕೆ ಕಡಿಯಬಹುದಾ?

ಹಳ್ಳದಾಚೆ_ಮನೆ (ಜನವರಿ 11)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮದು ಎರಡು ಎಕರೆ ಅಡಿಕೆ ತೋಟ. ತೋಟದ ಕೆಳಗೆ ಹಳ್ಳ. ಹಳ್ಳ ತಿರುಗುವ ಜಾಗದಲ್ಲಿ ಒಂದು ಹೊಳೆದಾಸವಾಳದ ಮರ ಇದೆ. ಅಜ್ಜಿ ಅದನ್ನು ‘ಹೊಳೆದಾಸಾಳ’ ಅನ್ನುತ್ತಿದ್ದರು. ಅವರು ಮದುವೆಯಾಗಿ ಈ ಮನೆಗೆ ಬಂದಾಗಲೇ ಅದು ಹೂ ಬಿಡುತ್ತಿತ್ತಂತೆ.

ನನ್ನ ತಮ್ಮ, ಹಳೆ ಮನೆಯ ಪಕ್ಕದಲ್ಲಿ ಹೊಸ ಮನೆ ಕಟ್ಟುತ್ತಿದ್ದಾನೆ. ಮೇ ತಿಂಗಳಲ್ಲಿ ಒಕ್ಕಲಾಗಬೇಕು ಅಂತ ಅವನ ಆಸೆ. ನಾಟಾದ ಬೆಲೆ ಕೇಳಿ ಗಾಬರಿಯಾಗಿದ್ದಾನೆ. ಹೋದ ವಾರ ಮರದ ವ್ಯಾಪಾರಿಯೊಬ್ಬರು ತೋಟಕ್ಕೆ ಬಂದಿದ್ದರು. ಮರವನ್ನು ಒಂದು ಸುತ್ತು ಬಂದು, ‘ಇದು ನಂದಿ ಮರದ ಜಾತಿ. ನಿಮ್ಮ ಮನೆಯ ಅಷ್ಟೂ ದಾರಂದ ಇದರಲ್ಲೇ ಆಗುತ್ತೆ. ಮಿಕ್ಕಿದ್ದನ್ನು ನಾನೇ ತಗೊಳ್ತೀನಿ’ ಎಂದರು. ತಮ್ಮ ಆಗಿನಿಂದ ಅದೇ ಲೆಕ್ಕದಲ್ಲಿ ಇದ್ದಾನೆ. ಅವನದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮನೆ ಕಟ್ಟುವವನಿಗೆ ಒಂದೊಂದು ಸಾವಿರವೂ ದೊಡ್ಡದೇ.

ಆದರೆ ನನಗೆ ಮನಸ್ಸು ಒಪ್ಪುತ್ತಿಲ್ಲ. ಏಪ್ರಿಲ್ ಕೊನೆಗೆ, ಒಂದೆರಡು ಮಳೆ ಬಿದ್ದ ಮೇಲೆ, ಈ ಮರ ತುದಿ ತುದಿಗೆ ನೇರಳೆ ಗೊಂಚಲು ಇಡುತ್ತದೆ. ಒಂದೊಂದು ಹೂವಿಗೂ ಆರು ಎಸಳು. ಸುಕ್ಕು ಸುಕ್ಕಾಗಿ, ಒದ್ದೆ ಸೀರೆಯನ್ನು ಹಿಂಡಿ ಹಾಗೇ ಹರವಿದ ಹಾಗೆ. ನಾವು ಚಿಕ್ಕವರಿದ್ದಾಗ ಬಟ್ಟೆ ಒಗೆಯುವ ಕಲ್ಲಿನ ತನಕ ಆ ಎಸಳು ತೇಲಿ ಬರುತ್ತಿತ್ತು. ಅಮ್ಮ ಬಕೆಟ್ ಅದ್ದಿದರೆ ನೀರಿನ ಜೊತೆ ನಾಲ್ಕು ಎಸಳು ಬರುತ್ತಿತ್ತು. ಒಣಗಿದ ಕಾಯಿ ನಕ್ಷತ್ರದ ಹಾಗೆ ಬಿರಿಯುತ್ತದಲ್ವಾ, ಅದಕ್ಕೆ ಕಡ್ಡಿ ಚುಚ್ಚಿ ಬುಗುರಿ ಮಾಡುತ್ತಿದ್ದೆವು.

ಇನ್ನೊಂದು ಕಾರಣ ಇದೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹೊಡೆದದ್ದು ಮಲೆನಾಡಿನವರಿಗೆಲ್ಲ ನೆನಪಿದೆ. ನಮ್ಮ ಹಳ್ಳ ದಂಡೆ ಮೀರಿ ತೋಟಕ್ಕೆ ನುಗ್ಗಿತು. ಮರದಿಂದ ಮೇಲೆ, ಪೊದೆ ಸವರಿ ಚೊಕ್ಕ ಮಾಡಿದ್ದ ಕಡೆ, 40 ಅಡಿಕೆ ಮರ ದಂಡೆಯ ಸಮೇತ ಹೋದವು. ಹೊಳೆದಾಸವಾಳ ಇದ್ದ ತಿರುವಿನಲ್ಲಿ ಒಂದು ಹಿಡಿ ಮಣ್ಣೂ ಜಾರಲಿಲ್ಲ. ಮಳೆ ನಿಂತ ಮೇಲೆ ಹೋಗಿ ನೋಡಿದೆ. ಬೇರುಗಳು ಕಲ್ಲನ್ನು ಅಪ್ಪಿ ಹಿಡಿದುಕೊಂಡು ಹೊರಗೆ ಕಾಣುತ್ತಿದ್ದವು. ಅವತ್ತು ಆ ಮರವನ್ನು ಮುಟ್ಟಿ ನಮಸ್ಕಾರ ಮಾಡಿದ್ದೇನೆ.

ಎದೆ ಎತ್ತರದಲ್ಲಿ ಸುತ್ತಳತೆ 5 ಅಡಿ. ನೆಲದಿಂದ ಸುಮಾರು 10 ಅಡಿ ನೇರ ಇದೆ. ಆಮೇಲೆ ಎರಡು ಕವಲಾಗಿ ಹಳ್ಳದ ಮೇಲೆ ಬಾಗಿದೆ. ಈಗ ಎಲೆ ಕೆಂಪಾಗಿ ಉದುರುತ್ತಿದೆ. ಕಾಯಿ ತುಂಬಾ ಇದೆ.

ಈ ಮರದಲ್ಲಿ ನಿಜಕ್ಕೂ ಎಷ್ಟು ದಾರಂದ ಆಗುತ್ತದೆ? ಇದನ್ನು ಕಡಿದರೆ ದಂಡೆಯ ಗತಿ ಏನು? ಬೀಜದಿಂದ ಸಸಿ ಮಾಡುವುದು ಹೇಗೆ? ತಿಳಿದವರು ದಯವಿಟ್ಟು ಬರೆಯಿರಿ. ತಮ್ಮನಿಗೆ ತೋರಿಸುತ್ತೇನೆ.

ಉಳಿ_ಬಾಚಿ (ಜನವರಿ 11)

ಅಕ್ಕ, ನಾನು ಕೊಪ್ಪದ ಕಡೆಯವನು. 34 ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ನಿಮ್ಮ ತಮ್ಮನಿಗೆ ಈ ಲೆಕ್ಕ ತೋರಿಸಿ.

ಸುತ್ತಳತೆ 5 ಅಡಿ. ಅದರ ಕಾಲು ಭಾಗ ಒಂದೂಕಾಲು ಅಡಿ. ಒಂದೂಕಾಲನ್ನು ಒಂದೂಕಾಲರಿಂದ ಗುಣಿಸಿ, ಉದ್ದ 10ರಿಂದ ಗುಣಿಸಿದರೆ 15.6 ಘನ ಅಡಿ. ದಿಮ್ಮಿಯನ್ನು ಅಳೆಯುವ ಹಳೇ ಪದ್ಧತಿ ಇದು. ಮೇಲಕ್ಕೆ ಹೋದಂತೆ ಮರ ಸಣ್ಣ ಆಗುವುದರಿಂದ ನಿಜವಾಗಿ ಅಷ್ಟೂ ಸಿಗುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ತೆಗೆಯಬೇಕು. ಅದನ್ನು ಬಿಟ್ಟರೆ ಹುಳ ಹಿಡಿಯುವುದು ಖಂಡಿತ. ಒಳಗಿನ ಕೆಂಪು ಚೇಗು ಮಾತ್ರ ದಾರಂದಕ್ಕೆ ಬರುವುದು. ಗರಗಸದ ಪುಡಿ, ಓರೆ ಕೋರೆ ಎಲ್ಲ ಕಳೆದರೆ ನಿಮ್ಮ ಕೈಗೆ 8 ಘನ ಅಡಿ ಬಂದರೆ ಪುಣ್ಯ.

ಈಗ ಒಂದು ದಾರಂದ ನೋಡಿ. ಎರಡು ಕಾಲು ಏಳೇಳು ಅಡಿ. ಮೇಲಿನ ಪಟ್ಟಿ ಮೂರೂವರೆ, ಹೊಸ್ತಿಲು ಮೂರೂವರೆ. ಒಟ್ಟು 21 ಅಡಿ. 5 ಇಂಚು ಅಗಲ, 3 ಇಂಚು ದಪ್ಪ ಅಂದರೆ ಸುಮಾರು 2.2 ಘನ ಅಡಿ. ಹಾಗಾಗಿ ನಿಮ್ಮ ಮರದಲ್ಲಿ ಮೂರು ದಾರಂದ ಸಿಗುತ್ತದೆ. ತುಂಬಾ ಚೆನ್ನಾಗಿ ಕೊಯ್ದರೆ ಒಳಬಾಗಿಲಿಗೆ ಹೊಸ್ತಿಲಿಲ್ಲದ ಇನ್ನೊಂದು. ಇಡೀ ಮನೆಗೆ ಆಗುತ್ತದೆ ಅನ್ನುವ ಮಾತು ಸುಳ್ಳು. ಅದೂ ಮರ ಟೊಳ್ಳಿಲ್ಲದಿದ್ದರೆ. ನೀರಿನ ಪಕ್ಕದ ಹಳೇ ಮರಗಳು ಬುಡದಲ್ಲಿ ಟೊಳ್ಳಾಗಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಕೊಡಲಿಯ ಹಿಂಬದಿಯಿಂದ ತಟ್ಟಿ ನೋಡಿ. ಗಟ್ಟಿ ಇದ್ದರೆ ಸದ್ದು ಬಿಗಿಯಾಗಿರುತ್ತದೆ. ಟೊಳ್ಳಿದ್ದರೆ ಮದ್ದಳೆ ಬಾರಿಸಿದ ಹಾಗೆ ಕೇಳುತ್ತದೆ.

ಇನ್ನು ನಂದಿಯ ವಿಷಯ. ಎರಡೂ ಒಂದೇ ಕುಲದವು ಅನ್ನುವುದು ನಿಜ. ಆದರೆ ಮರ ಬೇರೆ. ನಂದಿ ಕಾಡಿನಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತದೆ. ತೊಗಟೆ ಬೆಳ್ಳಗೆ, ನುಣ್ಣಗೆ, ಸಿಪ್ಪೆ ಸಿಪ್ಪೆಯಾಗಿ ಸುಲಿಯುತ್ತದೆ. ಹೂ ಬಿಳಿ, ಚಿಕ್ಕದು. ನಾಗರಹೊಳೆ ಕಡೆ ಹೋದರೆ ದಾರಿಯಲ್ಲೇ ಕಾಣುತ್ತದೆ. ಮನೆ ಕಟ್ಟಲು ಜನ ಹುಡುಕುವುದು ಆ ನಂದಿಯನ್ನು. ಹೊಳೆದಾಸವಾಳದ ಮರವೂ ಕೀಳಲ್ಲ. ಗಟ್ಟಿ ಇದೆ, ಹೊಳಪು ಬರುತ್ತದೆ, ನೀರಿನಲ್ಲಿ ಬಾಳುತ್ತದೆ. ಅಸ್ಸಾಂ, ಬಂಗಾಳದಲ್ಲಿ ಇದರಲ್ಲಿ ದೋಣಿ ಮಾಡುತ್ತಾರೆ. ಆದರೆ ನೀರಿನ ಬದಿಯಲ್ಲಿ ಬಾಗಿ ಬೆಳೆದ ಮರದಲ್ಲಿ ನೂಲು ಹೊಡೆದ ಹಾಗೆ ನೇರ ಎಳೆ ಸಿಗುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯ ಮಾತು ಹೇಳುತ್ತೇನೆ. ಜನವರಿಯಲ್ಲಿ ಕಡಿದು ಮೇ ತಿಂಗಳಿಗೆ ದಾರಂದ ನಿಲ್ಲಿಸುವುದು ಆಗದ ಕೆಲಸ. ಹಸಿ ಮರ ಅದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಅಷ್ಟು ಕಾಯುವವರು ಈಗ ಯಾರೂ ಇಲ್ಲ, ನಿಜ. ಆದರೂ ಕೊಯ್ದು, ತುದಿಗೆ ಸಗಣಿ ಬಳಿದು, ನಡುವೆ ರೀಪು ಕೊಟ್ಟು ಪೇರಿಸಿ, ಒಂದು ಮಳೆಗಾಲವಾದರೂ ಕಳೆಯಬೇಕು. ಹಸಿ ಮರದ ದಾರಂದ ಕೂರಿಸಿದರೆ ಮುಂದಿನ ಬೇಸಿಗೆಗೆ ತಿರುಚಿ, ಬಾಗಿಲು ಹಾಕಲು ಬರುವುದಿಲ್ಲ. ಆಗ ಬೈಸಿಕೊಳ್ಳುವುದು ಬಡಗಿ.

ನಿಮ್ಮಲ್ಲಿ ಹಳೇ ಹಲಸಿನ ಮರ ಇಲ್ವಾ? ಹಳೇ ಮನೆಯ ತೊಲೆ, ಜಂತೆ ಏನಾದರೂ ಬಿಚ್ಚುತ್ತೀರಾ? ಐವತ್ತು ವರ್ಷ ಸೂರಿನ ಕೆಳಗೆ ಒಣಗಿದ ಮರಕ್ಕಿಂತ ಒಳ್ಳೇ ಮರ ಯಾವ ಸಾಮಿಲ್‌ನಲ್ಲೂ ಸಿಗುವುದಿಲ್ಲ.

ಸರ್ವೆ_ಕಲ್ಲು (ಜನವರಿ 12)

ಕಂದಾಯದ ಕೆಲಸದಲ್ಲಿದ್ದು ನಿವೃತ್ತನಾದವನು. ಎರಡೇ ಮಾತು.

ಮೊದಲು ಮರ ನಿಮ್ಮದೇ ಜಾಗದಲ್ಲಿ ಇದೆಯಾ ನೋಡಿಕೊಳ್ಳಿ. ಹಳ್ಳ ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ. ಪಹಣಿಯಲ್ಲಿ ನಿಮ್ಮ ಹೆಸರಿನ ಸರ್ವೆ ನಂಬರ್ ಒಳಗೇ ಬಂದರೂ ಆ ಭಾಗ ಸರ್ಕಾರದ್ದು. ದಂಡೆಯ ಮರ ಖರಾಬಿನ ಒಳಗೆ ನಿಂತಿದ್ದರೆ ಅದನ್ನು ಕೊಡಲು ನಿಮಗೆ ಹಕ್ಕೇ ಇಲ್ಲ. ಹಳ್ಳ ಹರಿವು ಬದಲಿಸಿರುತ್ತದೆ. ಕಣ್ಣಂದಾಜು ಸಾಲದು, ಅಳತೆ ಮಾಡಿಸಬೇಕು.

ಎರಡನೆಯದು, ನಿಮ್ಮದೇ ಜಾಗ ಆದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಇದೆ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಅನುಮತಿ ತಗೊಳ್ಳಬೇಕು. ನಾಟಾ ಸಾಗಿಸಲು ಬೇರೆ ಪರವಾನಗಿ ಬೇಕು. ವ್ಯಾಪಾರಿಗಳು ‘ಅದನ್ನೆಲ್ಲ ನಾವು ನೋಡ್ಕೋತೀವಿ’ ಅಂತಾರೆ. ನೋಡಿಕೊಳ್ಳದೆ ಹೋದಾಗ ಕೇಸು ಬೀಳುವುದು ಜಮೀನಿನವರ ಮೇಲೆ. ನನ್ನ ಕಣ್ಣೆದುರೇ ಒಂದು ಬಡ ಸಂಸಾರ ಹೀಗೆ ಮೂರು ವರ್ಷ ಅಲೆಯಿತು.

ಬೆಟ್ಟದ_ಸಸಿಮನೆ (ಜನವರಿ 12)

ನಮಸ್ಕಾರ. ಶಿರಸಿಯ ಹತ್ತಿರ ಸಣ್ಣ ನರ್ಸರಿ ಇಟ್ಟುಕೊಂಡಿದ್ದೇನೆ. ಕಾಡು ಜಾತಿಯ ಸಸಿ ಮಾತ್ರ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಹೊಳೆದಾಸವಾಳ ಕೇಳುವವರೆಲ್ಲ ಗೇಟಿನ ಪಕ್ಕಕ್ಕೆ ಕೇಳುತ್ತಾರೆ. ಹಳ್ಳಕ್ಕೆ ಕೇಳಿದವರು ನೀವೇ ಮೊದಲು.

ಈ ಮರದ ಹೆಸರಿನಲ್ಲೇ ಅದರ ಜಾಗ ಇದೆ. ಘಟ್ಟದಲ್ಲಿ ಅದು ತಾನಾಗಿ ಬೆಳೆಯುವುದು ಹೊಳೆ, ಹಳ್ಳದ ಬದಿಯಲ್ಲಿ. ಬುಡದಲ್ಲಿ ನೀರು ನಿಂತರೂ ಕೊಳೆಯುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕಾಲು ನೀರಲ್ಲಿ ಇಟ್ಟುಕೊಂಡು ನಿಲ್ಲುತ್ತದೆ. ಅಂಥ ಮರ ನಮ್ಮಲ್ಲಿ ಜಾಸ್ತಿ ಇಲ್ಲ. ಹೊಳೆಮತ್ತಿ, ನೀರಂಜಿ, ದಂಡೆಗೆ ಕೇದಗೆ. ಇವುಗಳ ಜೊತೆ ಹೊಳೆದಾಸವಾಳ. ಅಡಿಕೆ ಮರದ ಬೇರು ತೆಳು, ಗಿಡ್ಡ, ಗೊಂಚಲು ಗೊಂಚಲು. ದಂಡೆ ಹಿಡಿಯುವ ಶಕ್ತಿ ಅದಕ್ಕಿಲ್ಲ. ನಿಮ್ಮ 40 ಅಡಿಕೆ ಮರ ಹೋಗಿದ್ದಕ್ಕೆ ಕಾರಣ ಅದೇ.

ಕಡಿದರೆ ಏನಾಗುತ್ತದೆ ಅಂತ ಕೇಳಿದ್ದೀರಿ. ಈ ಮರ ಬುಡದಿಂದ ಚೆನ್ನಾಗಿ ಚಿಗುರುತ್ತದೆ. ಹಾಗಾಗಿ ಒಂದೇ ಸಲ ಎಲ್ಲ ಬೇರೂ ಸಾಯುವುದಿಲ್ಲ. ಆದರೆ ದೊಡ್ಡ ತಲೆ ಹೋದ ಮೇಲೆ ಅಷ್ಟೂ ಬೇರನ್ನು ಸಾಕಲು ನಾಲ್ಕು ಚಿಗುರಿಗೆ ಆಗುವುದಿಲ್ಲ. ದಪ್ಪ ಬೇರು ಒಂದೊಂದೇ ಕೊಳೆಯುತ್ತಾ ಹೋಗುತ್ತದೆ. ಮೂರನೆಯದೋ ನಾಲ್ಕನೆಯದೋ ಮಳೆಗಾಲದಲ್ಲಿ, ಯಾರೂ ನೆನೆಸದೇ ಇರುವಾಗ, ದಂಡೆ ಕುಸಿಯುತ್ತದೆ. ತಿರುವಿನ ಹೊರಬದಿ ಅಂದರೆ ನೀರು ಗುದ್ದುವ ಜಾಗ. ಅಲ್ಲಿ ನಿಂತಿರುವ ಮರವನ್ನು ನಾನಾಗಿದ್ದರೆ ಮುಟ್ಟುವುದಿಲ್ಲ.

ಬೀಜದ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಸೋಲುವುದು ಇಲ್ಲೇ. ಕಾಯಿ ಈಗ ಕಂದು ಬಣ್ಣಕ್ಕೆ ತಿರುಗಿರಬೇಕು. ಮರದಲ್ಲೇ ಪೂರ್ತಿ ಬಿರಿದರೆ ಬೀಜ ಗಾಳಿಗೆ ಹಾರಿಹೋಗುತ್ತದೆ. ಒಂದೊಂದು ಬೀಜಕ್ಕೂ ಸಣ್ಣ ರೆಕ್ಕೆ ಇದೆ. ನೆಲದ ಮೇಲೆ ಬಿದ್ದ ಕಾಯಿ ಆರಿಸಬೇಡಿ, ಅದು ಖಾಲಿ ಇರುತ್ತದೆ. ಇನ್ನೇನು ಬಿರಿಯಬೇಕು ಅನ್ನುವ ಕಾಯಿಗೊಂಚಲನ್ನು ದೋಟಿಯಿಂದ ಕೊಯ್ಯಿರಿ. ಮೊರದಲ್ಲಿ ಹಾಕಿ, ಮೇಲೆ ತೆಳು ಪಂಚೆ ಮುಚ್ಚಿ, ಮೂರು ನಾಲ್ಕು ದಿನ ಬಿಸಿಲಿಗಿಡಿ. ಕಾಯಿ ಆರು ಹೋಳಾಗಿ ಬಿರಿಯುತ್ತದೆ. ತಟ್ಟಿದರೆ ಬೀಜ ಉದುರುತ್ತದೆ.

ಬೀಜದಲ್ಲಿ ಜೊಳ್ಳು ತುಂಬಾ. ರಾತ್ರಿ ನೀರಲ್ಲಿ ನೆನೆಸಿ. ಮರಳು, ಮಣ್ಣು, ಹಳೇ ಗೊಬ್ಬರ ಸಮ ಸಮ ಬೆರೆಸಿದ ತಟ್ಟೆಯಲ್ಲಿ ಚೆಲ್ಲಿ, ಮೇಲೆ ಮರಳನ್ನು ಜರಡಿ ಹಿಡಿದ ಹಾಗೆ ತೆಳ್ಳಗೆ ಉದುರಿಸಿ. ಆಳಕ್ಕೆ ಹೂತರೆ ಬರುವುದೇ ಇಲ್ಲ. ಚೊಂಬಿನಿಂದ ನೀರು ಸುರಿಯಬೇಡಿ, ಚಿಮುಕಿಸಿ. ಒಂದು ದಿನ ಒಣಗಿದರೂ ಮೊಳಕೆ ಸಾಯುತ್ತದೆ. ನನ್ನಲ್ಲಿ ಮೂರನೇ ವಾರದಿಂದ ಮೊಳಕೆ ಕಾಣಿಸುತ್ತದೆ. ಕೆಲವು ಐದಾರು ವಾರ ತಗೊಳ್ಳುತ್ತವೆ. ಬೇಗ ಬೇಸರಪಟ್ಟು ತಟ್ಟೆ ಮಗುಚಬೇಡಿ. ನಾಲ್ಕು ಎಲೆ ಬಂದ ಮೇಲೆ ಚೀಲಕ್ಕೆ ಹಾಕಿ. ಮೊದಲ ಬೇಸಿಗೆ ಸ್ವಲ್ಪ ನೆರಳು, ಆಮೇಲೆ ಪೂರ್ತಿ ಬಿಸಿಲು. ನೆರಳಲ್ಲಿ ಬೆಳೆದ ಹೊಳೆದಾಸವಾಳ ಎಲೆ ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಬಿಸಿಲು ಸಿಕ್ಕಿದರೆ ನಾಲ್ಕೈದು ವರ್ಷಕ್ಕೇ ಮೊದಲ ಗೊಂಚಲು ನೋಡಬಹುದು. ಹೂ ಬರುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಕೊಂಬೆ ಸವರಬೇಡಿ.

ಸಸಿ ಕೊಂಡು ತರುವವರಿಗೂ ಒಂದು ಮಾತು. ಇದೇ ಕುಲದ ಹೊರದೇಶದ ಬೇರೆ ಜಾತಿಗಳನ್ನೂ ಹೊಳೆದಾಸವಾಳ ಅಂತ ಮಾರುತ್ತಾರೆ. ಅವುಗಳ ಹೂ ಚಿಕ್ಕದು. ನಮ್ಮದರ ಹೂ ಅಂಗೈ ನಡುವೆ ತುಂಬಿಕೊಳ್ಳುವಷ್ಟು ದೊಡ್ಡದು. ರಸ್ತೆ ಬದಿಗೆ ಅವೂ ಚೆಂದವೇ. ಹಳ್ಳಕ್ಕೆ ಮಾತ್ರ ನಮ್ಮದೇ ಇರಲಿ.

ಪುಣೆಯ_ಕನ್ನಡತಿ (ಜನವರಿ 13)

ನಿಮ್ಮ ಎಸಳು ತೇಲುವ ಮಾತು ಓದಿ ಕಣ್ಣು ತುಂಬಿತು. ನಾನು ಸಾಗರದವಳು, 22 ವರ್ಷದಿಂದ ಪುಣೆಯಲ್ಲಿದ್ದೇನೆ. ಇಲ್ಲಿ ಇದರ ಹೆಸರು ತಾಮ್ಹಣ. ಮಹಾರಾಷ್ಟ್ರದ ರಾಜ್ಯ ಪುಷ್ಪ ಇದೇ. ಮೇ 1ರ ಮಹಾರಾಷ್ಟ್ರ ದಿನದ ಹೊತ್ತಿಗೆ ಸರಿಯಾಗಿ ಅರಳಿರುತ್ತದೆ. ನಮ್ಮ ಕಾಲೊನಿಯ ಮರ ಅರಳಿದ ದಿನ ನಾನು ಊರಿಗೆ ಫೋನ್ ಮಾಡುತ್ತೇನೆ. ‘ಹೊಳೆ ಹತ್ರದ್ದು ಬಿಟ್ಟಿದೆಯಾ?’ ಅಂತ ಕೇಳುತ್ತೇನೆ. ಒಂದು ವರ್ಷ ಅಣ್ಣ, ‘ಅದು ಹೋಯ್ತಲ್ಲೇ, ಸೇತುವೆ ಕೆಲಸಕ್ಕೆ ತೆಗೆದರು’ ಅಂದ. ಹೋಗಿ ಎರಡು ವರ್ಷ ಆಗಿತ್ತಂತೆ. ಯಾರೂ ಹೇಳಿರಲಿಲ್ಲ. ನಿಮ್ಮದನ್ನು ಉಳಿಸಿಕೊಳ್ಳಿ.

ಲಾಲ್‌ಬಾಗ್_ನಡಿಗೆ (ಜನವರಿ 13)

ಬೆಂಗಳೂರಿನಿಂದ. ಇಲ್ಲಿ ನಾವು ಬೆಳಿಗ್ಗೆ ನಡೆಯುವಾಗ ನೋಡುವ ಹೂಮರಗಳ ಸಾಲಿನ ಹಿಂದೆ ಜರ್ಮನಿಯಿಂದ ಬಂದ ಕೃಂಬಿಗಲ್ ಅವರ ಯೋಚನೆ ಇದೆ. 1908ರಲ್ಲಿ ಬೆಂಗಳೂರಿಗೆ ಬಂದರು, 1932ರ ತನಕ ಲಾಲ್‌ಬಾಗ್ ನೋಡಿಕೊಂಡರು. ಒಂದು ಬೀದಿಯ ಹೂ ಮುಗಿಯುವಾಗ ಇನ್ನೊಂದು ಬೀದಿ ಅರಳಬೇಕು ಅನ್ನುವುದು ಅವರ ಲೆಕ್ಕ. ಗುಲ್ಮೊಹರ್, ಜಕರಂಡ ಎಲ್ಲ ದೂರ ದೇಶದ ಮರಗಳು. ಅವುಗಳ ನಡುವೆ ಹೊಳೆದಾಸವಾಳ ಕಂಡರೆ ನನಗೆ ನೆಂಟರನ್ನು ಕಂಡ ಹಾಗೆ. ಗೋರಂಟಿ (ಮದರಂಗಿ), ದಾಳಿಂಬೆ ಕೂಡ ಇದರ ಕುಟುಂಬದವೇ. ದಾಳಿಂಬೆ ಹೂವಿನ ಸುಕ್ಕು ಎಸಳು ನೋಡಿದರೆ ನಂಟು ಗೊತ್ತಾಗುತ್ತದೆ.

ಕೆಲವರು ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯಿರಿ ಅಂತ ಹೇಳಬಹುದು. ಫಿಲಿಪ್ಪೀನ್ಸ್‌ನಲ್ಲಿ ಬನಾಬಾ ಅನ್ನುವ ಹೆಸರಲ್ಲಿ ಅದು ಬಳಕೆಯಲ್ಲಿದೆ. ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ. ಸಕ್ಕರೆ ಒಮ್ಮೆಲೇ ಇಳಿದರೆ ಕಷ್ಟ.

ಹಳ್ಳದಾಚೆ_ಮನೆ (ಜನವರಿ 19)

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಉಳಿ_ಬಾಚಿ ಅಣ್ಣ ಬರೆದ ಲೆಕ್ಕವನ್ನು ಹಾಳೆಯಲ್ಲಿ ಬರೆದು ತಮ್ಮನ ಮುಂದೆ ಇಟ್ಟೆ. ಅವನು ಟೇಪು ಹಿಡಿದು ಮತ್ತೆ ಅಳೆದ. ಮೇಲಿನ ಕವಲಿನ ಹತ್ತಿರ ಸುತ್ತಳತೆ ನಾಲ್ಕಡಿಗೂ ಕಮ್ಮಿ ಬಂತು. ಕೊಡಲಿಯಿಂದ ತಟ್ಟಿಯೂ ನೋಡಿದೆವು. ಬುಡದ ಒಂದು ಬದಿಯಲ್ಲಿ ಮದ್ದಳೆ ಸದ್ದೇ. ಅಷ್ಟಾದರೂ ಅವನು ಪೂರ್ತಿ ಒಪ್ಪಿರಲಿಲ್ಲ. ಮೇ ತಿಂಗಳಿಗೆ ಹಸಿ ಮರ ಆಗುವುದಿಲ್ಲ ಅನ್ನುವ ಮಾತಿಗೆ ಸುಮ್ಮನಾದ. ನಮ್ಮ ಬಡಗಿಯೂ ಅದನ್ನೇ ಹೇಳಿದರಂತೆ. ಕೇಳಿದ ಮೇಲೆ ಹೇಳಿದರು, ಅಷ್ಟೇ.

ಹಳೇ ಮನೆಯ ಅಟ್ಟದಲ್ಲಿ ಹಲಸಿನ ನಾಲ್ಕು ತೊಲೆ ಇದೆ. ಒಲೆಯ ಹೊಗೆಗೆ ಕಪ್ಪಾಗಿದೆ. ತಮ್ಮ ಒಂದು ಮೂಲೆ ಕೆತ್ತಿ ನೋಡಿದ. ಒಳಗೆ ಜೇನಿನ ಬಣ್ಣ. ತಲೆಬಾಗಿಲು ಅದರಲ್ಲೇ ಆಗಬೇಕು ಅಂತ ಈಗ ಅವನೇ ಹೇಳುತ್ತಿದ್ದಾನೆ. ಒಳಗಿನ ಬಾಗಿಲುಗಳಿಗೆ ಸಾಮಿಲ್‌ನಿಂದ ತರುತ್ತಾನೆ. ಖರ್ಚು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅದಕ್ಕೆ ನಾನೂ ಕೈ ಸೇರಿಸುತ್ತೇನೆ ಎಂದಿದ್ದೇನೆ.

ಸರ್ವೆ_ಕಲ್ಲು ಅವರೇ, ಅಳತೆಗೆ ಅರ್ಜಿ ಕೊಟ್ಟಿದ್ದೇವೆ. ನಕ್ಷೆಯಲ್ಲಿ ನೋಡಿದರೆ ಮರ ಖರಾಬಿನ ಗೆರೆಯ ಮೇಲೇ ಇದ್ದ ಹಾಗಿದೆ. ವ್ಯಾಪಾರಿಗೆ ಫೋನ್ ಮಾಡಿ ಬೇಡ ಅಂದೆವು.

ಕಾಯಿ ಕೊಯ್ದಾಗಿದೆ. ಮೊರದಲ್ಲಿ ಒಣಗುತ್ತಿದೆ.

ಉಳಿ_ಬಾಚಿ (ಜನವರಿ 19)

ಹೊಗೆ ಹಿಡಿದ ಹಲಸಿಗೆ ಹುಳ ಬರುವುದು ಕಮ್ಮಿ. ಕೊಯ್ಯುವ ಮೊದಲು ಹಳೇ ಮೊಳೆ ಎಲ್ಲ ಕೀಳಿಸಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಕಪ್ಪು ಪದರವನ್ನು ಕೀಸುಳಿಯಲ್ಲಿ ಸ್ವಲ್ಪವೇ ತೆಗೆಸಿ. ಎಣ್ಣೆ ಹಾಕಿ ಉಜ್ಜಿದರೆ ಸಾಕು, ಬಣ್ಣ ಬೇಡ.

ಹಳ್ಳದಾಚೆ_ಮನೆ (ಏಪ್ರಿಲ್ 2)

ಬೆಟ್ಟದ_ಸಸಿಮನೆ ಅವರಿಗೆ ವರದಿ. ಫೆಬ್ರವರಿ 20ಕ್ಕೆ ಎರಡು ತಟ್ಟೆ ಬಿತ್ತಿದ್ದೆ. ಮೊದಲನೆಯದರಲ್ಲಿ ಇವತ್ತಿಗೆ 31 ಮೊಳಕೆ. ಎರಡನೆಯದರಲ್ಲಿ ಒಂದೂ ಇಲ್ಲ. ಅದಕ್ಕೆ ಮರಳು ಸ್ವಲ್ಪ ದಪ್ಪ ಹಾಕಿದ್ದೆ ಅನ್ನಿಸುತ್ತದೆ. ಮೇಲಿನ ಪದರವನ್ನು ಈಗ ಊದಿ ತೆಗೆಯಲಾ, ಅಥವಾ ಹಾಗೇ ಬಿಡಲಾ?

ಬದುಕಿದ ಸಸಿಗಳನ್ನು ಮುಂದಿನ ವರ್ಷದ ಆರಿದ್ರಾ ಮಳೆಗೆ ದಂಡೆಯಲ್ಲಿ ಇಡುತ್ತೇನೆ, 2019ರಲ್ಲಿ ಕೊಚ್ಚಿಹೋದ ಜಾಗದಲ್ಲೇ. ನಡುವೆ ಕೇದಗೆ ಹಾಕಲು ತಮ್ಮ ಗುಂಡಿ ತೋಡಿಕೊಡುತ್ತೇನೆ ಅಂದಿದ್ದಾನೆ.

ದೊಡ್ಡ ಮರ ಈ ವಾರ ಚಿಗುರಿದೆ. ಮೊಗ್ಗು ಇನ್ನೂ ಇಲ್ಲ. ಪುಣೆಯ ಅಕ್ಕ, ಹೂ ಬಿಟ್ಟ ದಿನ ಇಲ್ಲೇ ಬರೆಯುತ್ತೇನೆ. ನಿಮ್ಮ ಕಾಲೊನಿಯದ್ದು ಮೊದಲು ಅರಳಿದರೆ ನೀವು ಬರೆಯಿರಿ.

ಬೆಟ್ಟದ_ಸಸಿಮನೆ (ಏಪ್ರಿಲ್ 2)

31 ಅಂದರೆ ತುಂಬಾ ಒಳ್ಳೆಯದು! ಎರಡನೇ ತಟ್ಟೆಯ ಮರಳನ್ನು ಊದಬೇಡಿ, ಬೀಜವೂ ಹಾರುತ್ತದೆ. ಹಕ್ಕಿ ಗರಿಯಿಂದ ಮೆಲ್ಲಗೆ ಸರಿಸಿ, ನೀರು ಚಿಮುಕಿಸಿ, ಇನ್ನು ಹದಿನೈದು ದಿನ ಬಿಡಿ.